38 ಅಡಿ ಹಳೇ ಸೆಮಿ-ಡಿಸ್‌ಪ್ಲೇಸ್‌ಮೆಂಟ್ ಮೋಟಾರ್ ಬೋಟು ನೋಡ್ತಿದೀನಿ, ತಗೊಳ್ಳೋಕ್ ಮುಂಚೆ ಏನೇನು ಕೆದಕಬೇಕು?

ಹಾಯಿಬಿಟ್ಟವ:

ಎಲ್ರಿಗೂ ನಮಸ್ಕಾರ. ಇಷ್ಟು ದಿನ ಮೂಲೇಲಿ ಕೂತು ನೀವು ಬರೆಯೋದನ್ನ ಓದ್ತಾ ಇದ್ದೆ, ಈಗ ಕೇಳೋ ಸರದಿ ನಂದು.

ಹಾಯಿ ಬೋಟು ಮಾರಿ ಆಯ್ತು, ಹಗ್ಗ ಎಳೆಯೋಕೆ ನನ್ನ ಭುಜ ಇನ್ನು ಒಪ್ಪಲ್ಲ ಅಂತ ಡಾಕ್ಟ್ರು ಹೇಳಿದ್ಮೇಲೆ ಮೋಟಾರ್ ಬೋಟ್ ಕಡೆ ತಿರುಗಿದೀನಿ. ಕಣ್ಣಿಗೆ ಬಿದ್ದಿರೋದು ಒಂದು 1978ರ ಬೋಟು. 38 ಅಡಿ, ಫೈಬರ್‌ಗ್ಲಾಸ್ ಹಲ್ (ಬೋಟಿನ ಒಡಲು), ಹಿಂದ್ಗಡೆ ಮಲಗೋಕೆ ಒಂದು ಕ್ಯಾಬಿನ್, ಮೇಲೆ ಫ್ಲೈಬ್ರಿಡ್ಜ್ (ಮಾಳಿಗೆ ಮೇಲಿಂದ ಓಡಿಸೋ ಜಾಗ), ಸುತ್ತ ತೇಗದ ಡೆಕ್, ಕೆಳಗೆ ಉದ್ದಕ್ಕೂ ಕೀಲ್ (ತಳದ ಬೆನ್ನುಮೂಳೆ). ವಾಟರ್‌ಲೈನ್ (ನೀರಿನ ಮಟ್ಟದಲ್ಲಿ ಬೋಟಿನ ಉದ್ದ) 34 ಅಡಿ, ತೂಕ 11 ಟನ್ ಅಂತ ಹಾಕಿದಾರೆ. ಎಂಜಿನ್ ಎರಡು, ಪರ್ಕಿನ್ಸ್ ಟಿ6.354 ಟರ್ಬೊ, ಒಂದೊಂದು 180 ಹಾರ್ಸ್‌ಪವರ್, 2900 ಗಂಟೆ ಓಡಿದೆ. ಜಾಹೀರಾತಲ್ಲಿ ಆರಾಮಾಗಿ 12 ನಾಟ್ (ಗಂಟೆಗೆ 12 ನಾಟಿಕಲ್ ಮೈಲಿ), ಎಳೆದ್ರೆ 15 ಅಂತ ಬರ್ದಿದಾರೆ.

ನೋಡೋಕೆ ಮಾತ್ರ ಏನ್ ಚಂದ ಅಂತೀರಾ, ಈಗಿನ ಪ್ಲಾಸ್ಟಿಕ್ ಬೂಟಿನ ಥರದ ಬೋಟುಗಳ ಪಕ್ಕ ನಿಲ್ಸಿದ್ರೆ ಇದೇ ಬೋಟು, ಉಳಿದಿದ್ದೆಲ್ಲ ಆಟಿಕೆ. ಅದಕ್ಕೇ ಭಯ, ಮನಸ್ಸು ಆಗ್ಲೇ ಸೋತಿದೆ, ತಲೆ ಮಾತ್ರ ಇನ್ನೂ ಬಾಕಿ. ಹೋಗೋದು ನಾವಿಬ್ರೇ, ನಾನು ನನ್ನ ಹೆಂಡತಿ, ಕರಾವಳಿ ಹಿಡ್ಕೊಂಡು ದಿನಕ್ಕೆ 30-40 ನಾಟಿಕಲ್ ಮೈಲಿ, ರಾತ್ರಿ ಲಂಗರು ಹಾಕಿ ಮಲಗೋದು.

ನನ್ ಪ್ರಶ್ನೆಗಳು ಇಷ್ಟು: ಈ 12 ನಾಟ್ 15 ನಾಟ್ ನಿಜಾನಾ, ಅದಕ್ಕೆ ಡೀಸೆಲ್ ಎಷ್ಟು ಕುಡಿಯತ್ತೆ? ಇಷ್ಟು ಹಳೇ ಎಂಜಿನ್ ನಂಬಬಹುದಾ? ತೇಗದ ಡೆಕ್ ಅಂದ ತಕ್ಷಣ ಎಲ್ರೂ ಮುಖ ಸಿಂಡರಿಸ್ತಾರೆ ಯಾಕೆ? ಇನ್ನೊಬ್ಬ ಸ್ನೇಹಿತರಂತೂ ಸೆಮಿ ಅನ್ನೋದೇ ಅತ್ತ ಇಲ್ಲ ಇತ್ತ ಇಲ್ಲ, ಹೊಸ ಪ್ಲೇನಿಂಗ್ ಬೋಟ್ (ವೇಗದಲ್ಲಿ ನೀರಿನ ಮೇಲೆ ಎದ್ದು ಜಾರೋದು) ತಗೋ ಅಂತ ದಿನಾ ತಲೆ ತಿಂತಿದಾರೆ.

ಲೆಕ್ಕದಮೇಷ್ಟ್ರು:

ಸ್ವಾಗತ ಸರ್. ಮೊದಲ ಪ್ರಶ್ನೆ ಮಾತ್ರ ನಾನು ಹಿಡ್ಕೊತೀನಿ, ಎಂಜಿನ್ನು ಡೆಕ್ಕು ಎಲ್ಲ ಕೈ ಕೊಳೆ ಮಾಡ್ಕೊಂಡೋರು ಹೇಳ್ಲಿ.

ಹಾಯಿ ಬೋಟಿಂದ ಬಂದಿದೀರ ಅಂದ್ರೆ ಹಲ್ ಸ್ಪೀಡ್, ಅಂದ್ರೆ ಬೋಟಿನ ಉದ್ದ ಹಾಕೋ ವೇಗದ ಮಿತಿ, ಗೊತ್ತೇ ಇರತ್ತೆ. ವಾಟರ್‌ಲೈನ್ ಅಡಿಗಳ ವರ್ಗಮೂಲಾನ 1.34ರಿಂದ ಗುಣಿಸಿ, 34 ಅಡಿಗೆ 7.8 ನಾಟ್ ಬರತ್ತೆ. ಆ ವೇಗದಲ್ಲಿ ಬೋಟು ಎಬ್ಬಿಸೋ ಅಲೆ ಬೋಟಿನಷ್ಟೇ ಉದ್ದ ಆಗಿರತ್ತೆ, ಅದಕ್ಕಿಂತ ಜೋರಾಗಿ ಹೋಗ್ಬೇಕು ಅಂದ್ರೆ ತನ್ನ ಅಲೇನ ತಾನೇ ಹತ್ತಬೇಕು. ಪೂರ್ತಿ ಡಿಸ್‌ಪ್ಲೇಸ್‌ಮೆಂಟ್ ಹಲ್ (ಮೇಲೇಳದೆ ನೀರು ಸರಿಸ್ಕೊಂಡೇ ಹೋಗೋದು) ಹಿಂದ್ಗಡೆ ಮೇಲಕ್ಕೆ ಬಾಗಿರೋದ್ರಿಂದ ಎಷ್ಟು ಎಂಜಿನ್ ಹಾಕಿದ್ರೂ ಬಾಲ ಕೂತ್ಕೊಂಡು ಮೂತಿ ಮೇಲೆ ಮಾಡತ್ತೆ ಅಷ್ಟೆ. ಸೆಮಿ ಹಲ್ಲಿಗೆ ಹಿಂಭಾಗ ಚಪ್ಪಟೆ ಮಾಡಿರ್ತಾರೆ, ಹಂಗಾಗಿ ಬಾಲ ಕೂರಲ್ಲ, ಪವರ್ ಕೊಟ್ಟಷ್ಟೂ ನಿಧಾನವಾಗಿ ಮೇಲೇಳುತ್ತೆ. ಪ್ಲೇನಿಂಗ್ ಬೋಟಿನ ಹಂಗೆ ಒಂದು ಗಡಿ ದಾಟಿದ ಮೇಲೆ ಸಲೀಸು ಅನ್ನೋದು ಇಲ್ಲಿಲ್ಲ. 9, 10, 11, 12 ಯಾವ ವೇಗದಲ್ಲಿ ಬೇಕಾದ್ರೂ ಹೋಗಬಹುದು, ಆದ್ರೆ ಪ್ರತಿ ನಾಟಿಗೂ ಹಿಂದಿನದಕ್ಕಿಂತ ಜಾಸ್ತಿ ಕಪ್ಪ ಕಟ್ಟಬೇಕು.

ನಿಮ್ಮ ಬೋಟಿನ ಅಂಕಿ ಹಾಕಿ ಅಂದಾಜು ಲೆಕ್ಕ ತೆಗೆದೆ. 11 ಟನ್ನಿಗೆ 7 ನಾಟ್ ಹೋಗೋಕೆ ಶಾಫ್ಟಲ್ಲಿ ಸುಮಾರು 35 ಹಾರ್ಸ್‌ಪವರ್ ಸಾಕು. 12 ನಾಟಿಗೆ ಹತ್ತತ್ರ 175. 15ಕ್ಕೆ 340. ಒಂದು ಲೀಟರ್ ಡೀಸೆಲಲ್ಲಿ ಒಂದು ಗಂಟೆಗೆ ಸುಮಾರು 5 ಹಾರ್ಸ್‌ಪವರ್ ಸಿಗತ್ತೆ ಅಂತ ಹಿಡಿದ್ರೆ ಗಂಟೆಗೆ 7 ಲೀಟರ್, 35 ಲೀಟರ್, 68 ಲೀಟರ್. ಮೈಲಿ ಲೆಕ್ಕದಲ್ಲಿ ನಾಟಿಕಲ್ ಮೈಲಿಗೆ 1, 3, 4.5 ಲೀಟರ್. ಅಂದ್ರೆ 180ರ ಎರಡು ಎಂಜಿನ್ ಇರೋ ಬೋಟಿಗೆ 15 ನಾಟ್ ಅನ್ನೋದು ಸುಳ್ಳಲ್ಲ, ಆದ್ರೆ ಅದು ಹೊಸದಾಗಿ, ತಳ ಕ್ಲೀನಾಗಿ, ಟ್ಯಾಂಕ್ ಅರ್ಧ ಖಾಲಿ ಇದ್ದಾಗಿನ ಮಾತು. ನಲವತ್ತು ದಾಟಿದ ಬೋಟಲ್ಲಿ ಪ್ರತಿ ಓನರ್ರೂ ಒಂದೊಂದು ಸೇರಿಸಿರ್ತಾರೆ, ಜನರೇಟರ್ರು, ಎಕ್ಸ್ಟ್ರಾ ಬ್ಯಾಟರಿ, ಹಿಂದ್ಗಡೆ ಡಿಂಗಿ (ಚಿಕ್ಕ ದೋಣಿ) ಎತ್ತೋ ಕ್ರೇನು. ತೆಗೆದೋರು ಯಾರೂ ಇಲ್ಲ. ಸೆಮಿ ಹಲ್ಲಿಗೆ ತೂಕ ಅಂದ್ರೆ ಆಗಲ್ಲ. ವಾಟರ್‌ಲೈನಿನ ಪಟ್ಟೆ ಬಣ್ಣ ಮೊದಲಿದ್ದಿದ್ದಕ್ಕಿಂತ ಮೇಲಕ್ಕೆ ಸರಿಸಿ ಬಳಿದಿದಾರಾ ನೋಡಿ, ಅಲ್ಲೇ ಸತ್ಯ ಇರತ್ತೆ.

ನಿಮಗೆ ನೀವೇ ಕೇಳ್ಕೋಬೇಕಾದ್ದು ಒಂದೇ, ಆ 12 ನಾಟನ್ನ ನೀವು ನಿಜವಾಗ್ಲೂ ಬಳಸ್ತೀರಾ? ಎದುರು 3 ನಾಟ್ ಪ್ರವಾಹ ಇದ್ದಾಗ 7ರಲ್ಲಿ ಹೋಗೋ ಬೋಟಿಗೆ ನೆಲದ ಮೇಲೆ 4 ಸಿಗತ್ತೆ, 12ರದ್ದಕ್ಕೆ 9. 40 ಮೈಲಿ ಅಂದ್ರೆ ಒಬ್ಬರಿಗೆ 10 ಗಂಟೆ, ಇನ್ನೊಬ್ಬರಿಗೆ ನಾಲ್ಕೂವರೆ ಗಂಟೆಯೊಳಗೆ, ಸಂಜೆ ಗಾಳಿ ಏಳೋಕ್ ಮುಂಚೆ ಒಳಗೆ. ಡೀಸೆಲ್ 70 ಲೀಟರ್ ಬದಲು 155. ಇದು ನಿಮಗೆ ಬೆಲೆಬಾಳೋದಾದ್ರೆ ಈ ಬೋಟು ಸರಿ. ಇಲ್ಲಪ್ಪ ನಾನು ಹೆಂಗಿದ್ರೂ 7ರಲ್ಲೇ ಹೋಗ್ತೀನಿ ಅಂದ್ರೆ ಎರಡು ಟರ್ಬೊ, ಎರಡು ಗೇರ್‌ಬಾಕ್ಸ್, ಎರಡು ಶಾಫ್ಟ್ ಸುಮ್ನೆ ಸಾಕ್ಕೊಂಡು ಇರಬೇಕಾಗತ್ತೆ, ಟರ್ಬೊ ಇಲ್ಲದ ಒಂದೇ 120 ಹಾರ್ಸ್‌ಪವರ್ ಎಂಜಿನ್ ಇರೋದನ್ನ ಹುಡುಕಿ.

ಗ್ರೀಸ್‌ಕೈ:

ಮೇಷ್ಟ್ರು ಲೆಕ್ಕ ಕೊಟ್ರು, ನಾನು ಎಂಜಿನ್ ಹೇಳ್ತೇನೆ. 2900 ಗಂಟೆ ಜಾಸ್ತಿ ಆಯ್ತು ಅಂತ ಹೆದರ್ಬೇಡಿ ಮಾರಾಯ್ರೆ, ಇಷ್ಟು ವರ್ಷಕ್ಕೆ ಅದು ಕಮ್ಮಿಯೇ. ನನಗೆ ಹೆದರಿಕೆ ಅದು ಕಮ್ಮಿ ಇರೋದಕ್ಕೇ. ಡೀಸೆಲ್ ಎಂಜಿನ್ ಓಡಿ ಸಾಯೋದಕ್ಕಿಂತ ನಿಂತು ಸಾಯೋದು ಹೆಚ್ಚು, ಅದ್ರಲ್ಲೂ ಉಪ್ಪುನೀರು ಒಳಗೆ ಕೂತ್ಕೊಂಡಿದ್ರೆ.

6.354 ಅಂದ್ರೆ ಆರು ಸಿಲಿಂಡರ್, 354 ಕ್ಯೂಬಿಕ್ ಇಂಚು, ಲೀಟರಲ್ಲಿ 5.8. ಟ್ರಾಕ್ಟರ್, ಕಟಾವು ಮೆಶಿನ್, ಲಾರಿ ಎಲ್ಲದಕ್ಕೂ ಇದೇ ಎಂಜಿನ್ ಹಾಕಿದ್ದುಂಟು, ಹಾಗಾಗಿ ಪಿಸ್ಟನ್, ಲೈನರ್, ಬೇರಿಂಗ್, ಗ್ಯಾಸ್ಕೆಟ್ ಇವತ್ತಿಗೂ ಸಿಗ್ತದೆ. ಸಿಗದೇ ಇರೋದು ಬೋಟಿಗೆ ಅಂತ ಬೇರೆ ಮಾಡಿ ಜೋಡಿಸಿದ ಭಾಗಗಳು, ಎಕ್ಸಾಸ್ಟ್ ಮ್ಯಾನಿಫೋಲ್ಡ್, ಹೀಟ್ ಎಕ್ಸ್‌ಚೇಂಜರಿನ (ಸಮುದ್ರದ ನೀರಿಂದ ಎಂಜಿನ್ ತಣಿಸೋದು) ಗೂಡು, ಆಫ್ಟರ್‌ಕೂಲರ್ (ಟರ್ಬೊ ಗಾಳಿ ತಣಿಸೋದು) ಇದ್ರೆ ಅದು. ಅವು ಎಷ್ಟು ಚೆನ್ನಾಗಿವೆ ಅನ್ನೋದರ ಮೇಲೆ ನಿಮ್ಮ ಬೋಟಿನ ಎಂಜಿನ್ ಎಷ್ಟು ಚೆನ್ನಾಗಿದೆ ಅನ್ನೋದು ನಿಂತಿದೆ, ಬ್ಲಾಕ್ ಮೇಲೆ ಅಲ್ಲ.

ಹೋದ ಕೂಡ್ಲೇ ಮಾತಾಡ್ಲಿಕ್ಕೆ ನಿಲ್ಬೇಡಿ, ಸೀದಾ ಎಂಜಿನ್ ಕೋಣೆಗೆ ಇಳಿದು ಬ್ಲಾಕ್ ಮೇಲೆ ಅಂಗೈ ಇಡಿ. ಬೆಚ್ಚಗೆ ಉಂಟಾದ್ರೆ ನೀವು ಬರೋ ಮೊದ್ಲೇ ಸ್ಟಾರ್ಟ್ ಮಾಡಿ ಆಗಿದೆ ಅಂತ ಅರ್ಥ. ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗೋದನ್ನ ಕಣ್ಣಾರೆ ನೋಡ್ಬೇಕು, ಅದು ಬಿಟ್ಟು ಉಳಿದದ್ದೆಲ್ಲ ನಾಟಕ. ಬಿಳಿ ಹೊಗೆ ಸ್ವಲ್ಪ ಹೊತ್ತು ಬಂದು ನಿಂತ್ರೆ ಹಳೇ ಎಂಜಿನ್ನಿಗೆ ಮಾಮೂಲು. ನಿಲ್ಲದೇ ಇದ್ರೆ ಇಂಜೆಕ್ಟರ್ ಅಥವಾ ಕಂಪ್ರೆಷನ್, ಇಲ್ಲಾ ನೀರು ಒಳಗೆ ಹೋಗ್ತಾ ಉಂಟು. ನೀಲಿ ಅಂದ್ರೆ ಆಯಿಲ್ ಸುಡ್ತಿದೆ. ಲೋಡ್ ಕೊಟ್ಟಾಗ ಕಪ್ಪು ಅಂದ್ರೆ ಗಾಳಿ ಸಾಲ್ತಾ ಇಲ್ಲ ಅಥವಾ ಹೊರೆ ಜಾಸ್ತಿ.

ಆಮೇಲೆ ನೀರಲ್ಲಿ ಓಡಿಸುವಾಗ ಎರಡೂ ಲಿವರ್ ಪೂರ್ತಿ ಮುಂದಕ್ಕೆ ತಳ್ಳಿ, ಪ್ಲೇಟಲ್ಲಿ ಬರೆದ ಆರ್‌ಪಿಎಂ ಮುಟ್ತದಾ ನೋಡಿ. ಮಾರೋರು ಬೇಡ ಬೇಡ ಹಳೇ ಎಂಜಿನ್ ಅಂತಾರೆ, ಆಗ ನೀವು ಮನೆಗೆ ಹೋಗ್ಬಹುದು. ಹತ್ತು ನಿಮಿಷ ಹಾಗೇ ಇಡಿ, ಟೆಂಪರೇಚರ್ ಮುಳ್ಳು ಒಂದು ಕಡೆ ನಿಲ್ಬೇಕು, ಹತ್ತುತ್ತಾ ಹೋದ್ರೆ ಕೂಲಿಂಗ್ ಕಟ್ಟಿದೆ.

ಗೇರ್‌ಬಾಕ್ಸಿನ ಡಿಪ್‌ಸ್ಟಿಕ್ ಮರೀಬೇಡಿ. ಈ ಕಾಲದ ಬೋಟಲ್ಲಿ ಹೆಚ್ಚಾಗಿ ಬೋರ್ಗ್ ವಾರ್ನರ್ ವೆಲ್ವೆಟ್ ಡ್ರೈವ್ ಇರ್ತದೆ, ಅದಕ್ಕೆ ಹಾಕೋದು ಕೆಂಪು ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಆಯಿಲ್. ಬಿಳಿ ಕಾಗದದ ಮೇಲೆ ಒಂದು ತೊಟ್ಟು ಬಿಡಿ. ಕೆಂಪಗೆ ತೆಳ್ಳಗೆ ಇದ್ರೆ ಸಂತೋಷ. ಕಂದು ಬಣ್ಣ, ಸುಟ್ಟ ವಾಸನೆ ಇದ್ರೆ ಕ್ಲಚ್ ಪ್ಲೇಟ್ ಸವೆದಿದೆ. ಗುಲಾಬಿ ಹಾಲಿನ ಹಾಗೆ ಕಂಡ್ರೆ ಆಯಿಲ್ ಕೂಲರ್ ತೂತಾಗಿ ಸಮುದ್ರದ ನೀರು ಸೇರಿದೆ, ಕೂಲರ್ ದೊಡ್ಡ ಖರ್ಚಲ್ಲ, ಆದ್ರೆ ಆ ನೀರು ಎಷ್ಟು ದಿನದಿಂದ ಒಳಗೆ ಉಂಟು ಅನ್ನೋದು ಯಾರಿಗೂ ಗೊತ್ತಿಲ್ಲವಲ್ಲ.

ಎಂಜಿನ್ ಆಯಿಲ್ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸಿ. ಸೋಡಿಯಂ ಜಾಸ್ತಿ ಬಂದ್ರೆ ಉಪ್ಪುನೀರು ಅಥವಾ ಕೂಲೆಂಟ್, ತಾಮ್ರ ಸೀಸ ಬಂದ್ರೆ ಬೇರಿಂಗ್, ಕಬ್ಬಿಣ ಬಂದ್ರೆ ಲೈನರ್ ಸವೆತ. ಹಿಂದಿನ ದಿನವಷ್ಟೇ ಹೊಸ ಆಯಿಲ್ ತುಂಬಿಸಿ ಇಟ್ಟಿದ್ರೆ ಆ ರಿಪೋರ್ಟಿಗೆ ಬೆಲೆ ಇಲ್ಲ, ಆಯಿಲ್ ಯಾವಾಗ ಬದಲಾಯ್ಸಿದ್ದು ಅಂತ ಮೊದ್ಲೇ ಕೇಳಿ.

ತೇಗದಕ್ಕ:

ಡೆಕ್ ಬಗ್ಗೆ ನಾನು ಹೇಳ್ತೀನಿ, ಎರಡು ಬೋಟಿನ ತೇಗ ಕಿತ್ತು ಹಾಕಿದ ಕೈ ಇದು.

ತೇಗ ಕೆಟ್ಟದ್ದಲ್ಲ. ಕೂರಿಸಿರೋ ರೀತಿ ಕೆಟ್ಟದ್ದು. ಆ ಕಾಲದಲ್ಲಿ ಡೆಕ್ ಮಾಡ್ತಿದ್ದಿದ್ದು ಫೈಬರ್, ಮಧ್ಯದಲ್ಲಿ ಬಾಲ್ಸಾ ಮರ ಅಥವಾ ಪ್ಲೈವುಡ್, ಮತ್ತೆ ಫೈಬರ್, ಹೀಗೆ ಸ್ಯಾಂಡ್‌ವಿಚ್. ಅದರ ಮೇಲೆ ತೇಗದ ಪಟ್ಟಿ ಇಟ್ಟು ಸಾಲಾಗಿ ಸ್ಕ್ರೂ ಹೊಡೆದು, ತಲೆ ಕಾಣದ ಹಾಗೆ ಮೇಲೊಂದು ಮರದ ಬಿರಡೆ. ಅಂದ್ರೆ ನೀರು ಬರಬಾರದು ಅಂತ ಕಟ್ಟಿದ ಡೆಕ್ಕಿಗೆ ಅವರೇ ಸಾವಿರಾರು ತೂತು ಕೊರೆದಿದಾರೆ. ಪಟ್ಟಿಗಳ ನಡುವಿನ ಕಪ್ಪು ರಬ್ಬರ್ ಬಿಟ್ಟುಕೊಂಡಾಗ ನೀರು ಸ್ಕ್ರೂ ಹಿಡ್ಕೊಂಡು ಬಾಲ್ಸಾಗೆ ಇಳಿಯತ್ತೆ, ಒಳಗೇ ಕೊಳೆಯತ್ತೆ, ಮೇಲೆ ನೋಡೋರಿಗೆ ಡೆಕ್ ಫಳಫಳ.

ಒಂದು ಸ್ಕ್ರೂಡ್ರೈವರ್ ತಗೊಂಡು ಅದರ ಪ್ಲಾಸ್ಟಿಕ್ ಹಿಡಿಯಿಂದ ಗೇಣು ಗೇಣಿಗೂ ತಟ್ಟುತ್ತಾ ಹೋಗಿ. ಗಟ್ಟಿ ಇರೋ ಕಡೆ ಟಣ್ ಟಣ್ ಅಂತ ಚೂಪಾಗಿ ಕೇಳತ್ತೆ. ಕೊಳೆತ ಕಡೆ ಸದ್ದು ಸತ್ತು ಹೋಗಿ ಬೊದ್ ಅನ್ನತ್ತೆ. ಒಂದ್ಸಲ ವ್ಯತ್ಯಾಸ ಕಿವಿಗೆ ಬಿದ್ರೆ ಮತ್ತೆ ಯಾರೂ ಹೇಳ್ಕೊಡ್ಬೇಕಿಲ್ಲ. ಚಾಕ್‌ಪೀಸಲ್ಲಿ ಗುರುತು ಹಾಕ್ತಾ ಹೋಗಿ, ಮಾರೋರಿಗೆ ಬೇಜಾರಾದ್ರೆ ಆಗ್ಲಿ. ಮುಖ್ಯವಾಗಿ ಕಂಬಿಗಳ ಬುಡ, ಕ್ಲೀಟುಗಳ (ಹಗ್ಗ ಕಟ್ಟೋ ಗೂಟ) ಬುಡ, ಕ್ಯಾಬಿನ್ ಗೋಡೆ ಡೆಕ್ಕಿಗೆ ಕೂಡೋ ಮೂಲೆ, ಡೀಸೆಲ್ ಹಾಕೋ ಮುಚ್ಚಳದ ಸುತ್ತ. ಬಿರಡೆಗಳು ಅಲ್ಲಲ್ಲಿ ಎದ್ದು ಸ್ಕ್ರೂ ತಲೆ ಕಾಣ್ತಿದ್ರೆ ತೇಗ ಉಜ್ಜಿ ಉಜ್ಜಿ ತೆಳ್ಳಗಾಗಿದೆ ಅಂತ, ಅದಕ್ಕಿನ್ನು ರಿಪೇರಿ ಇಲ್ಲ.

ಆದ್ರೆ ನಿಜ ಹೇಳ್ಬೇಕು ಅಂದ್ರೆ ಡೆಕ್ಕಿಗಿಂತ ನನಗೆ ಡೀಸೆಲ್ ಟ್ಯಾಂಕೇ ಚಿಂತೆ. 70ರ ದಶಕದ ಬೋಟು ಅಂದ್ರೆ ಹೆಚ್ಚಿನ ಪಾಲು ಮೈಲ್ಡ್ ಸ್ಟೀಲ್ ಟ್ಯಾಂಕು, ಎಂಜಿನ್ನಿನ ಎರಡೂ ಬದಿ, ಹಲ್ಲಿಗೆ ಅಂಟಿಸಿದ ಹಾಗೆ. ಅವು ಒಳಗಿಂದ ತುಕ್ಕು ಹಿಡಿಯೋದಕ್ಕಿಂತ ಹೊರಗಿಂದ ಹಿಡಿಯೋದೇ ಜಾಸ್ತಿ. ಡೆಕ್ ಸೋರಿ ನೀರು ಟ್ಯಾಂಕಿನ ತಲೆ ಮೇಲೆ ನಿಲ್ಲತ್ತೆ, ಅಲ್ಲಿ ಕೈ ಹೋಗಲ್ಲ ಕಣ್ಣು ಹೋಗಲ್ಲ. ಸೆಲ್ಫಿ ಕೋಲಿಗೆ ಫೋನ್ ಕಟ್ಟಿ, ಟಾರ್ಚ್ ಹಾಕಿ, ಟ್ಯಾಂಕಿನ ಹಿಂದುಗಡೆ ವಿಡಿಯೋ ಮಾಡಿ. ಪದರ ಪದರವಾಗಿ ಎದ್ದಿರೋ ತುಕ್ಕು, ಕೆಳಗಂಚಲ್ಲಿ ಒದ್ದೆ ಕಲೆ, ಡೀಸೆಲ್ ವಾಸನೆ, ಇದ್ರಲ್ಲಿ ಒಂದಿದ್ರೂ ಮುಂದಿನ ಪ್ರಶ್ನೆ ಈ ಟ್ಯಾಂಕು ಹೊರಗೆ ಬರೋದು ಹೇಗೆ ಅಂತ. ಎಷ್ಟೋ ಬೋಟಲ್ಲಿ ಎಂಜಿನ್ ಎತ್ತದೆ ಬರಲ್ಲ. ಅಲ್ಲೇ ಟ್ಯಾಂಕನ್ನ ತುಂಡು ತುಂಡು ಮಾಡಿ ತೆಗೆದು, ಬಾಗಿಲಲ್ಲಿ ತೂರೋ ಅಳತೆಗೆ ಎರಡೆರಡು ಚಿಕ್ಕ ಟ್ಯಾಂಕ್ ಕೂರಿಸ್ತಾರೆ. ಮಾಡಬಹುದು, ಆದ್ರೆ ಆ ಕೂಲಿ ಬೋಟಿನ ಬೆಲೆಯಲ್ಲಿ ಕಳೀಬೇಕು.

ಹಲ್ ಬಗ್ಗೆ ಕಮ್ಮಿ ಹೇಳ್ತೀನಿ. ಆಗಿನೋರು ಫೈಬರ್ ದಪ್ಪ ಹಾಕ್ತಿದ್ರು. ಆಸ್ಮೋಸಿಸ್ ಗುಳ್ಳೆ (ಫೈಬರ್ ನೀರು ಹೀರಿ ಏಳೋದು) ಅಲ್ಲೊಂದು ಇಲ್ಲೊಂದು ಇದ್ರೆ ನಿದ್ದೆ ಕೆಡಿಸ್ಕೋಬೇಡಿ, ಗುಳ್ಳೆಗಳಿಂದ ಇಂಥ ಬೋಟು ಮುಳುಗಿದ್ದು ನಾನಂತೂ ಕೇಳಿಲ್ಲ. ಇದೇ ಜಾತಿಯ ಇನ್ನೂ ಹಳೇ ಬೋಟುಗಳನ್ನೂ ನೋಡ್ತಿದ್ರೆ ಒಂದು ಮಾತು, ಎಲ್ಲ ಫೈಬರ್ ಅಂದ್ಕೋಬೇಡಿ. ಗ್ರ್ಯಾಂಡ್ ಬ್ಯಾಂಕ್ಸ್ ಅನ್ನೋ ಬ್ರ್ಯಾಂಡಿನ ಬೋಟು 1973ರಲ್ಲಿ ಫೈಬರಿಗೆ ಬಂದಿದ್ದು, ಅದಕ್ಕೂ ಮುಂಚಿನವು ಮರದ ಹಲ್, ಅದರ ಪರೀಕ್ಷೆಯೇ ಬೇರೆ ವಿದ್ಯೆ.

ಅಲೆಮಾರಿ:

ಎಲ್ರೂ ನಟ್ಟು ಬೋಲ್ಟು ಮಾತಾಡಿದ್ರಿ, ಸಮುದ್ರದಲ್ಲಿ ಹೆಂಗಿರತ್ತೆ ಅಂತ ಯಾರೂ ಹೇಳ್ಲಿಲ್ಲ. ನಾನು ಸ್ನೇಹಿತರ ಕಡೆಗೇ ಸ್ವಲ್ಪ ವಾಲ್ತೀನಿ. ಹಾಯಿ ಬೋಟಿಂದ ಬಂದೋರಿಗೆ ಮೊದಲ ಶಾಕ್ ಹೊರಳಾಟ. ಹಾಯಿ ಬೋಟು ಒಂದ್ಕಡೆ ವಾಲಿ ನಿಂತಿರತ್ತೆ, ಗಾಳಿ ಹಿಡಿದಿರತ್ತೆ. ಇದು ಪಕ್ಕದ ಅಲೆಗೆ ಗಡಿಯಾರದ ಲೋಲಕದ ಥರ ಆ ಕಡೆ ಈ ಕಡೆ, ನಿಲ್ಲೋದೇ ಇಲ್ಲ. 7 ನಾಟಲ್ಲಿ ಇನ್ನೂ ಕೆಟ್ಟದಾಗಿ. ಹಿಂದಿಂದ ಅಲೆ ಬಂದ್ರೆ ಇನ್ನೊಂದು ಕಥೆ, ಆ ಚಪ್ಪಟೆ ಅಗಲ ಟ್ರಾನ್ಸಮ್ಮನ್ನ (ಬೋಟಿನ ಹಿಂಗೋಡೆ) ಅಲೆ ಎತ್ತತ್ತೆ, ಚೂಪು ಮೂತಿ ನೀರಲ್ಲಿ ಕಚ್ಕೊಳತ್ತೆ, ಬೋಟು ತಿರುಗೋಕೆ ನೋಡತ್ತೆ, ನೀವು ಚುಕ್ಕಾಣಿ ಚಕ್ರ ತಿರುಗಿಸಿ ತಿರುಗಿಸಿ ಸುಸ್ತು. ನಿಧಾನ ಹೋಗೋದಾದ್ರೆ ನೆಟ್ಟಗೆ ಡಿಸ್‌ಪ್ಲೇಸ್‌ಮೆಂಟ್ ತಗೊಳ್ಳಿ, ಜೋರಾಗಿ ಹೋಗೋದಾದ್ರೆ ಪ್ಲೇನಿಂಗ್. ನಡುವಿನದ್ದು ಯಾಕೆ?

ಲೆಕ್ಕದಮೇಷ್ಟ್ರು:

ಅಲೆಮಾರಿ ಅವರೇ, ಹೊರಳಾಟ ಒಪ್ಪಿದೆ, ತೀರ್ಪು ಒಪ್ಪಲ್ಲ. ಪೀಟರ್ ಥಾರ್ನಿಕ್ರಾಫ್ಟ್ ಡಿಸೈನ್ ಮಾಡಿದ ನೆಲ್ಸನ್ ಹಲ್‌ಗಳು ಸೆಮಿ-ಡಿಸ್‌ಪ್ಲೇಸ್‌ಮೆಂಟೇ, ಬ್ರಿಟನ್ನಿನ ಬಂದರುಗಳಲ್ಲಿ ಪೈಲಟ್ ಬೋಟಾಗಿ (ಹಡಗಿಗೆ ದಾರಿ ತೋರಿಸೋರನ್ನ ಕರ್ಕೊಂಡು ಹೋಗೋದು) ದುಡಿದವು. ಪೈಲಟ್ ಬೋಟು ಅಂದ್ರೆ ಹವಾಮಾನ ಕೆಟ್ಟಿದೆ ಅಂತ ರಜೆ ಹಾಕೋ ಹಾಗಿಲ್ಲ, ಹಡಗು ಬಂತು ಅಂದ್ರೆ ಹೋಗ್ಲೇಬೇಕು. ಎದುರು ಅಲೆ ಇದ್ದಾಗ ಪ್ಲೇನಿಂಗ್ ಬೋಟು ದಬ ದಬ ಬಿದ್ದು ಕೊನೆಗೆ 8ಕ್ಕೆ ಇಳಿಯತ್ತೆ, ಆ ವೇಗಕ್ಕೆ ಅದರ ಹಲ್ ಮಾಡಿದ್ದೇ ಅಲ್ಲ, ಮೂತಿ ಮೇಲೆ ಮಾಡ್ಕೊಂಡು ಒದ್ದಾಡತ್ತೆ. ಸೆಮಿ ಹಲ್ 10-11ರಲ್ಲಿ ಅಲೇನ ಸೀಳ್ಕೊಂಡು ಹೋಗ್ತಾ ಇರತ್ತೆ. ಉದ್ದ ಕೀಲ್ ಇರೋದ್ರಿಂದ ದಾರಿ ಹಿಡಿದು ಹೋಗತ್ತೆ, ನೆಲ ತಾಗಿದ್ರೆ ಮೊದಲ ಪೆಟ್ಟು ಕೀಲಿಗೆ. ಎರಡು ಎಂಜಿನ್ ಇದ್ದಾಗ ಮಾತ್ರ ಪ್ರೊಪೆಲರ್ ಎರಡೂ ಕೀಲಿನ ಆಚೆ ಈಚೆ ಬಯಲಲ್ಲಿರ್ತವೆ, ಆ ರಕ್ಷಣೆ ಅರ್ಧ ಅಷ್ಟೇ.

ಹಿಂದಿನ ಅಲೆ ವಿಷಯ ಚುಕ್ಕಾಣಿಯ ಅಳತೆ ಮೇಲೆ ಹೋಗತ್ತೆ. ವೇಗಕ್ಕೆ ಅಂತ ಮಾಡಿದ ಚಿಕ್ಕ ಚುಕ್ಕಾಣಿ ಇದ್ರೆ 7ರಲ್ಲಿ ಅದು ಮಾತು ಕೇಳಲ್ಲ. ಹಲ್ ಮೇಲೆ ಎತ್ತಿದಾಗ ಚುಕ್ಕಾಣಿ ಎಷ್ಟು ದೊಡ್ಡದಿದೆ ನೋಡಿ, ಹಳೇ ಓನರ್ ದೊಡ್ಡದು ಹಾಕಿಸಿದ್ರೆ ಸಮುದ್ರ ಬಲ್ಲೋರು ಅಂತ ಲೆಕ್ಕ. ಸ್ಟೆಬಿಲೈಸರ್ ರೆಕ್ಕೆ ಇದ್ರೆ ಹೊರಳಾಟಕ್ಕೆ ಭಾರೀ ವ್ಯತ್ಯಾಸ, ಆದ್ರೆ ಅದೂ ಹಳೇದಾದ್ರೆ ಅದರ ಹೈಡ್ರಾಲಿಕ್ಕು ಸೀಲು ಇನ್ನೊಂದು ಸಂಸಾರ.

ಹಾಯಿಬಿಟ್ಟವ:

ಎಲ್ರಿಗೂ ದೊಡ್ಡ ಥ್ಯಾಂಕ್ಸ್. ಹೋಗಿ ನೋಡ್ಕೊಂಡು ಬಂದೆ, ಉದ್ದ ಬರೀತೀನಿ ಬೈಬೇಡಿ.

ಗ್ರೀಸ್‌ಕೈ ಅವರು ಹೇಳಿದ ಹಾಗೆ ಮೊದಲು ಅಂಗೈ ಇಟ್ಟೆ, ಎಡಗಡೆ ಎಂಜಿನ್ ಬೆಚ್ಚಗಿತ್ತು! ಬಲಗಡೆದು ತಣ್ಣಗೆ. ಕೇಳಿದ್ದಕ್ಕೆ ಬ್ಯಾಟರಿ ಚಾರ್ಜ್ ಆಗ್ಲಿ ಅಂತ ಓಡಿಸಿದ್ದೆ ಅಂದ್ರು. ನಾನೂ ಜಗಳ ಮಾಡ್ಲಿಲ್ಲ, ನಾಳೆ ಬೆಳಿಗ್ಗೆ ಬರ್ತೀನಿ ಮುಟ್ಬೇಡಿ ಅಂತ ಹೇಳಿ ಹೋಗಿ ಮರುದಿನ ಬಂದೆ. ತಣ್ಣಗಿದ್ದಾಗ ಬಲಗಡೆದು ತಕ್ಷಣ ಹಿಡೀತು, ಎಡಗಡೆದು ಮೂರನೇ ಸಲಕ್ಕೆ, ಬಿಳಿ ಹೊಗೆ ಇದರದ್ದೇ ಜಾಸ್ತಿ, ಆದ್ರೆ ಬಿಸಿ ಆದ್ಮೇಲೆ ಎರಡೂ ಕ್ಲೀನ್.

ನೀರಲ್ಲಿ ಪೂರ್ತಿ ತಳ್ಳಿದಾಗ ಬಲಗಡೆ 2380, ಎಡಗಡೆ 2150ಕ್ಕೆ ನಿಂತೋಯ್ತು. ಪ್ಲೇಟಲ್ಲಿ 2400 ಇದೆ. ಕಪ್ಪು ಹೊಗೆ ಅಷ್ಟೇನೂ ಕಾಣ್ಲಿಲ್ಲ. ಹತ್ತು ನಿಮಿಷದಲ್ಲಿ ಎಡಗಡೆ ಟೆಂಪರೇಚರ್ ನಿಧಾನಕ್ಕೆ ಹತ್ತುತ್ತಿತ್ತು, ಬಲಗಡೆದು ಅಲ್ಲಾಡ್ಲಿಲ್ಲ. ಹೋಗ್ತಾ ಬರ್ತಾ ಜಿಪಿಎಸ್ ಸರಾಸರಿ 13 ನಾಟ್ ಬಂತು. ಹೆಂಡತಿ 11ರಲ್ಲಿ ಓಡಿಸಿದ್ಲು, ಅದೇ ಇಷ್ಟ ಆಯ್ತಂತೆ, ಅಲೆಮಾರಿ ಅವರು ಹೇಳಿದ ಹೊರಳಾಟಾನೂ ನೋಡಿದ್ಲು, ಬೇಕಂತಲೇ ಅಲೆಗೆ ಅಡ್ಡ ನಿಲ್ಸಿದ್ವಿ, ಕಪಾಟಿನ ಬಾಗಿಲೆಲ್ಲ ತೆರ್ಕೊಂಡ್ವು.

ಡೆಕ್ ತಟ್ಟಿದೆ. ಮುಂಭಾಗ ಗಟ್ಟಿ. ಹಿಂದಿನ ಕ್ಯಾಬಿನ್ನಿನ ಬಲ ಮೂಲೆ, ಡೀಸೆಲ್ ಮುಚ್ಚಳದ ಹತ್ರ ಊಟದ ತಟ್ಟೆ ಅಗಲದಷ್ಟು ಜಾಗ ಬೊದ್ ಅಂತು, ಕೆಳಗೆ ಸೀಲಿಂಗಲ್ಲಿ ಕಂದು ಕಲೆ ಇದೆ. ಟ್ಯಾಂಕ್ ಸ್ಟೀಲೇ. ವಿಡಿಯೋದಲ್ಲಿ ಎಡಗಡೆದು ಪೇಂಟ್ ಸಮೇತ ಇದೆ, ಬಲಗಡೆಯದರ ತಲೆ ಮೇಲೆ ಹೊಪ್ಪಳ ಹೊಪ್ಪಳ ತುಕ್ಕು, ಒದ್ದೆ ಇಲ್ಲ ವಾಸನೆ ಇಲ್ಲ. ವಾಟರ್‌ಲೈನ್ ಪಟ್ಟೆ ಹಿಂದ್ಗಡೆ ನಾಲ್ಕು ಬೆರಳು ಮೇಲಕ್ಕೆ ಸರಿಸಿದಾರೆ ಮೇಷ್ಟ್ರೇ, ಹಿಂದೆ ಜನರೇಟರ್ ಕೂರಿಸಿದಾರೆ.

ಮನಸ್ಸು ಇನ್ನೂ ಬೇಕು ಅಂತಿದೆ. ಎಡಗಡೆ ಎಂಜಿನ್ ಬಿಚ್ಚೋದೇನಾ?

ಗ್ರೀಸ್‌ಕೈ:

ತಾಳಿ ತಾಳಿ, ಬಿಚ್ಚೋದು ಕೊನೆಗೆ. ಚಿಲ್ಲರೆ ಕಾರಣ ಮೊದ್ಲು ಹೊರಗೆ ಹಾಕಿ.

ಒಂದು, ಆ ಮೀಟರನ್ನ ನಂಬ್ಬೇಡಿ. ಹಳೇ ಆರ್‌ಪಿಎಂ ಮೀಟರ್ ಎರಡೂ ಒಂದೇ ಸತ್ಯ ಹೇಳಿದ್ದು ನಾನು ನೋಡಿದ್ದು ಕಮ್ಮಿ. ಕೈಯಲ್ಲಿ ಹಿಡಿಯೋ ಲೇಸರ್ ಟ್ಯಾಕೋಮೀಟರ್ ಸಿಗ್ತದೆ, ಕ್ರ್ಯಾಂಕ್ ಪುಲ್ಲಿಗೆ ಬಿಳಿ ಟೇಪ್ ಅಂಟಿಸಿ ಅಳೀರಿ. ಎರಡು, ಒಬ್ಬರು ಮೇಲೆ ಲಿವರ್ ಪೂರ್ತಿ ತಳ್ಳಿ ಹಿಡಿದಾಗ ಇನ್ನೊಬ್ಬರು ಕೆಳಗೆ ಡೀಸೆಲ್ ಪಂಪಿನ ಹತ್ರ ಕೂತು ನೋಡ್ಬೇಕು, ಥ್ರಾಟಲ್ ತೋಳು ಸ್ಟಾಪಿಗೆ ಹೋಗಿ ತಾಗ್ತದಾ ಅಂತ. ಕೇಬಲ್ ಸಡಿಲ ಆಗಿ ಅರ್ಧ ಬೆರಳು ಬಾಕಿ ಉಳಿದಿದ್ರೆ 200 ಆರ್‌ಪಿಎಂ ಅಲ್ಲೇ ಹೋಯ್ತು. ಕಪ್ಪು ಹೊಗೆ ಬರ್ಲಿಲ್ಲ ಅಂದ್ರಿ ನೋಡಿ, ಅದಕ್ಕೇ ನನಗೆ ಈ ಅನುಮಾನ. ಪ್ರೊಪೆಲರ್ ಹೊರೆ ಜಾಸ್ತಿ ಇದ್ದು ಅಥವಾ ಟರ್ಬೊ ಸತ್ತು ಹೀಗಾಗಿದ್ರೆ ಹೊಗೆ ಕಪ್ಪಗೆ ಬರ್ಬೇಕಿತ್ತು. ಹೊಗೆ ಇಲ್ಲದೆ ಶಕ್ತಿ ಇಲ್ಲ ಅಂದ್ರೆ ಡೀಸೆಲ್ಲೇ ಸಾಕಷ್ಟು ಹೋಗ್ತಾ ಇಲ್ಲ. ಕೇಬಲ್, ಫಿಲ್ಟರ್, ಟ್ಯಾಂಕಿನ ಒಳಗಿನ ಪೈಪಿನ ಜಾಲರಿ, ಈ ಸಾಲಲ್ಲಿ ನೋಡ್ತಾ ಹೋಗಿ.

ಬಿಸಿ ಏರೋದು ಬೇರೆ ವಿಷಯ, ಎರಡನ್ನೂ ಒಂದಕ್ಕೊಂದು ಗಂಟು ಹಾಕ್ಬೇಡಿ. ಕಮ್ಮಿ ಲೋಡಲ್ಲಿ ಓಡಿಯೂ ಬಿಸಿ ಆಗ್ತಾ ಉಂಟು ಅಂದ್ರೆ ಸಮುದ್ರದ ನೀರು ಸಾಲ್ತಾ ಇಲ್ಲ. ಇಂಪೆಲ್ಲರ್ (ನೀರಿನ ಪಂಪಿನ ರಬ್ಬರ್ ಚಕ್ರ) ತೆಗೆದು ರೆಕ್ಕೆ ಎಣಿಸಿ. ಒಂದು ಮುರಿದಿದ್ರೆ ಆ ತುಂಡು ಎಲ್ಲಿ ಹೋಯ್ತು ಅಂತ ಹುಡುಕ್ಲೇಬೇಕು, ಹೀಟ್ ಎಕ್ಸ್‌ಚೇಂಜರಿನ ಬಾಯಲ್ಲಿ ಕೂತಿರ್ತದೆ. ಅದರ ಮುಚ್ಚಳ ತೆಗೆದು ಟ್ಯೂಬುಗಳಿಗೆ ಟಾರ್ಚ್ ಹಾಕಿ, ಆ ಕಡೆಯ ಬೆಳಕು ಈ ಕಡೆ ಕಾಣ್ಬೇಕು. ಎಕ್ಸಾಸ್ಟಿಗೆ ನೀರು ಸೇರೋ ಮೊಣಕೈ ಭಾಗ ಬಿಚ್ಚಿ ಒಳಗೆ ಬೆರಳು ಹಾಕಿ, ತುಕ್ಕು ಮಸಿ ಸೇರಿ ಅರ್ಧ ಮುಚ್ಚಿರೋದು ಸಾಮಾನ್ಯ. ಅದು ತೂತಾದ್ರೆ ನೀರು ವಾಪಸ್ ಸಿಲಿಂಡರಿಗೇ ಹೋಗ್ತದೆ, ಆಗ ಮಾತ್ರ ನೀವು ಹೇಳಿದ ಬಿಚ್ಚೋ ಕೆಲಸ. ಮಾರೋರು ಒಪ್ಪಿದ್ರೆ ಇದಿಷ್ಟು ಒಂದೇ ದಿನದ ಕೆಲಸ, ಒಪ್ಪದೇ ಇದ್ರೆ ಎಡಗಡೆ ಎಂಜಿನ್ನಿಗೆ ಓವರ್‌ಹಾಲ್ ಅಂತಲೇ ಹಿಡಿದು ಬೆಲೆ ಹೇಳಿ.

ತೇಗದಕ್ಕ:

ತಟ್ಟೆ ಅಗಲ ಅಂದ್ರೆ ಕೇಳೋಕೆ ಚಿಕ್ಕದು, ಆದ್ರೆ ಅದು ಡೀಸೆಲ್ ಮುಚ್ಚಳದ ಪಕ್ಕ, ಕೆಳಗಿರೋದು ಅದೇ ತುಕ್ಕು ಟ್ಯಾಂಕು. ಇವು ಎರಡು ಸಮಸ್ಯೆ ಅಲ್ಲ ಸರ್, ಒಂದೇ. ಮುಚ್ಚಳದ ಸುತ್ತಿನ ಸೀಲ್ ಹೋಗಿ ನೀರು ಇಳಿದು ಡೆಕ್ಕನ್ನೂ ತಿಂದು ಟ್ಯಾಂಕ್ ಮೇಲೂ ಬಿದ್ದಿದೆ. ಹಾಗಾದ್ರೆ ಒಳ್ಳೇ ಸುದ್ದಿ ಏನಪ್ಪ ಅಂದ್ರೆ ಇಡೀ ಡೆಕ್ ಸೋರ್ತಿಲ್ಲ. ಬೋಟು ಪರೀಕ್ಷೆ ಮಾಡೋ ಸರ್ವೇಯರಿಗೆ ಆ ಮುಚ್ಚಳದ ಬಿಲ್ಲೆ ಬಿಚ್ಚೋಕೆ ಹೇಳಿ, ಕತ್ತರಿಸಿದ ಅಂಚಲ್ಲಿ ಬಾಲ್ಸಾ ಬೆರಳಿಗೆ ಸಿಗತ್ತೆ, ಒಣಗಿದ್ಯಾ ಮೆತ್ತಗಿದ್ಯಾ ನೇರವಾಗಿ ಗೊತ್ತಾಗತ್ತೆ, ಮೀಟರ್ ಬೇಕಿಲ್ಲ. ಟ್ಯಾಂಕಿಗೆ ಕಮ್ಮಿ ಒತ್ತಡದಲ್ಲಿ ಗಾಳಿ ತುಂಬಿ ಟೆಸ್ಟ್ ಮಾಡಿಸಿ. ಪಾಸಾದ್ರೂ ಹೊಪ್ಪಳ ಎದ್ದ ಮೇಲೆ ಅದರ ಆಯಸ್ಸು ಇಷ್ಟೇ, ಟ್ಯಾಂಕ್ ಬದಲಾಯಿಸೋ ಖರ್ಚನ್ನ ಈಗ್ಲೇ ಮಾತಿಗೆ ತನ್ನಿ.

ಲೆಕ್ಕದಮೇಷ್ಟ್ರು:

ಒಂದು ಎಂಜಿನ್ ಸೊರಗಿದ್ದು, ಹಿಂದೆ ಜನರೇಟರ್ ಹೊತ್ತು, 13 ನಾಟ್ ಕೊಟ್ಟಿದೆ ಅಂದ್ರೆ ಹಲ್ ಮೋಸ ಮಾಡ್ತಿಲ್ಲ. ಅಮ್ಮಾವ್ರಿಗೆ 11 ಇಷ್ಟ ಆಯ್ತು ಅಂದ್ರಲ್ಲ, ನಾನು ಕೇಳಿದ್ದ ಪ್ರಶ್ನೆಗೆ ಉತ್ತರ ಅದೇ. 11ಕ್ಕೆ ಸುಮಾರು 135 ಹಾರ್ಸ್‌ಪವರ್ ಸಾಕು, ಇರೋ 360ರಲ್ಲಿ ಅರ್ಧಕ್ಕಿಂತ ಕಮ್ಮಿ, ಎಂಜಿನ್ನಿಗೂ ಒಳ್ಳೇದು. ಪೂರ್ತಿ 7ರಲ್ಲೇ ಓಡಿಸೋ ದಿನ ಕೊನೇಲಿ ಸ್ವಲ್ಪ ಹೊತ್ತು ಜೋರಾಗಿ ಓಡಿಸಿ, ಟರ್ಬೊ ಡೀಸೆಲ್ ಯಾವಾಗ್ಲೂ ತಣ್ಣಗೆ ಓಡಿದ್ರೆ ಮಸಿ ಕಟ್ಟತ್ತೆ.

ಇನ್ನು ವ್ಯವಹಾರ. ಆಫರ್ ಕೊಡುವಾಗ ಸರ್ವೇ ಮತ್ತು ನೀರಲ್ಲಿ ಓಡಿಸೋ ಪರೀಕ್ಷೆ ಎರಡೂ ನನಗೆ ತೃಪ್ತಿ ಆದ್ರೆ ಮಾತ್ರ ಅಂತ ಬರವಣಿಗೇಲಿ ಇರ್ಲಿ. ಸರ್ವೇಯರ್ ನೀವು ಹುಡುಕಿದೋರಾಗಿರ್ಬೇಕು, ಮಾರೋರು ಅಥವಾ ಬ್ರೋಕರ್ ಹೇಳಿದೋರು ಬೇಡ. ಹಲ್ ಸರ್ವೇಯರ್ ಎಂಜಿನ್ ಒಳಗೆ ನೋಡಲ್ಲ, ಅದಕ್ಕೆ ಬೇರೆ ಡೀಸೆಲ್ ಮೆಕ್ಯಾನಿಕ್. ಇನ್ಶೂರೆನ್ಸಿನೋರಿಗೆ ಈಗ್ಲೇ ಫೋನ್ ಮಾಡಿ, ಇಷ್ಟು ಹಳೇ ಬೋಟಿಗೆ ಯಾವ ಥರದ ಸರ್ವೇ ಬೇಕು ಅಂತ ಕೇಳಿ, ಎರಡೆರಡು ಸಲ ಬೋಟು ಎತ್ತಿಸೋ ಖರ್ಚು ತಪ್ಪತ್ತೆ. ವರ್ಷದ ಖರ್ಚು ಬೋಟಿನ ಬೆಲೆಯ ಶೇಕಡಾ 10 ಅಂತ ಎಲ್ರೂ ಹೇಳೋ ಲೆಕ್ಕ ಹಳೇ ಬೋಟಿಗೆ ನಡೆಯಲ್ಲ, ಕೊಂಡ ಬೆಲೆ ಕಮ್ಮಿ ಅಂತ ಶಾಫ್ಟ್ ಸೀಲು ಕಮ್ಮಿ ಬೆಲೆಗೆ ಸಿಗಲ್ಲವಲ್ಲ.

ಅಲೆಮಾರಿ:

ಕಪಾಟಿನ ಬಾಗಿಲು ತೆರ್ಕೊಂಡ್ವು ಅಂದಾಗ ಸ್ವಲ್ಪ ಖುಷಿ ಆಯ್ತು, ನಾನು ಹೇಳಿದ್ದು ಸುಳ್ಳಲ್ಲ ಅಂತ 😄. ಅಮ್ಮಾವ್ರು ಅದನ್ನ ನೋಡಿಯೂ ಬೇಕು ಅಂದಿದ್ರೆ ನಂದೇನೂ ತಕರಾರಿಲ್ಲ. ಎಲ್ಲ ಕಪಾಟಿಗೂ ಚಿಲಕ ಹಾಕಿಸಿ ಸರ್.

ಬೋಟು ಎತ್ತಿದ ದಿನ ಒಂದಿಷ್ಟು ನೋಡ್ಕೊಳ್ಳಿ. ಪ್ರೊಪೆಲರ್ ಹಿಡ್ಕೊಂಡು ಶಾಫ್ಟನ್ನ ಮೇಲೆ ಕೆಳಗೆ ಅಲ್ಲಾಡಿಸಿ, ಟಕ್ ಟಕ್ ಅಂದ್ರೆ ಕಟ್‌ಲೆಸ್ ಬೇರಿಂಗ್ (ಶಾಫ್ಟ್ ಹಿಡಿಯೋ ರಬ್ಬರ್ ಬೇರಿಂಗ್) ಸವೆದಿದೆ. ಒಂದು ಬದಿ ಮಾತ್ರ ಸವೆದಿದ್ರೆ ಎಂಜಿನ್ ಅಲೈನ್‌ಮೆಂಟ್ ತಪ್ಪಿದೆ, ಬರೀ ಬೇರಿಂಗ್ ಹಾಕಿಸಿ ಸುಮ್ನಾಗ್ಬೇಡಿ. ಅಲೈನ್‌ಮೆಂಟನ್ನ ಬೋಟು ವಾಪಸ್ ನೀರಿಗೆ ಇಳಿದ ಮೇಲೇ ಮಾಡಿಸ್ಬೇಕು, ದಡದ ಮೇಲೆ ಹಲ್ ಬೇರೆ ಥರ ಕೂತಿರತ್ತೆ. ಸೀಕಾಕ್ (ಬೋಟಿನ ತಳದ ತೂತಿನ ವಾಲ್ವ್) ಪ್ರತಿಯೊಂದನ್ನೂ ಕೈಯಲ್ಲಿ ತಿರುಗಿಸಿ, ತಿರುಗದೇ ಇದ್ದಿದ್ದು ಬದಲಾಯ್ಸೋ ಪಟ್ಟಿಗೆ. ಲೋಹಾನ ಸ್ವಲ್ಪ ಕೆರೆದು ಬಣ್ಣ ನೋಡಿ, ಗುಲಾಬಿ ಕಂಡ್ರೆ ಹಿತ್ತಾಳೆಯ ಸತು ಕರಗಿ ಹೋಗಿದೆ, ಅದು ಸುತ್ತಿಗೆಯ ಒಂದು ಏಟಿಗೆ ಮುರಿಯತ್ತೆ. ಆನೋಡುಗಳ (ಉಳಿದ ಲೋಹದ ಬದಲು ತಾವು ಸವೆಯೋ ತುಂಡುಗಳು) ಸ್ಥಿತಿ ಫೋಟೋ ತೆಗೆದು ಇಲ್ಲಿ ಹಾಕಿ. ಎಡಗಡೆ ಕೇಬಲ್ ಏನಾಯ್ತು ಅಂತಲೂ ಹೇಳಿ, ಗ್ರೀಸ್‌ಕೈ ಹೇಳಿದ್ದು ನಿಜ ಆದ್ರೆ ನಮಗೂ ಗೊತ್ತಾಗ್ಲಿ.

ಹಾಯಿಬಿಟ್ಟವ:

ಮಾರೋರಿಗೆ ಫೋನ್ ಮಾಡಿದ್ದೆ, ಇಂಪೆಲ್ಲರ್ ಮತ್ತೆ ಮೊಣಕೈ ಬಿಚ್ಚೋಕೆ ಒಪ್ಪಿದಾರೆ, ಮೆಕ್ಯಾನಿಕ್ ಕೂಲಿ ನಂದು. ಡೀಸೆಲ್ ಮುಚ್ಚಳ ಬಿಚ್ಚೋಕೆ ಮಾತ್ರ ಯಾಕೋ ಎಳೀತಿದಾರೆ ತೇಗದಕ್ಕ. ಅದು ಬಿಚ್ಚದೆ ಆಫರ್ ಇಲ್ಲ ಅಂತ ಹೇಳಿದೀನಿ. ಎತ್ತೋ ದಿನ ಗೊತ್ತಾದ್ಮೇಲೆ ಫೋಟೋ ಸಮೇತ ಬರ್ತೀನಿ.